ಧ್ರುವಸಮುದ್ರದ ಯಾತ್ರೆಗೆ ಕಾಲವೂ ನೌಕೆಯೂ

ದೂರದ ಪ್ರಯಾಣವನ್ನು ಸಂಕಲ್ಪಿಸಿದವರು ಮೊದಲು ವಿಚಾರಿಸಬೇಕಾದ ಸಂಗತಿಗಳು ಎರಡು: ಯಾವಾಗ ಹೊರಡಬೇಕು, ಯಾವ ವಾಹನದಲ್ಲಿ ಹೊರಡಬೇಕು. ನಮ್ಮ ಹಿರಿಯರು ಮೊದಲನೆಯದಕ್ಕೆ ‘ಗಾಳಿ ಬಂದಾಗ ತೂರಿಕೋ’ ಎಂದೂ, ಎರಡನೆಯದಕ್ಕೆ ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದೂ ಉತ್ತರ ಹೇಳಿಬಿಟ್ಟಿದ್ದಾರೆ. ಬೇರೆಡೆಯಲ್ಲಿ ಈ ಮಾತುಗಳನ್ನು ಮರೆತವನಿಗೆ ಅಲ್ಪಸ್ವಲ್ಪ ನಷ್ಟವಾದೀತು. ಧ್ರುವಸಮುದ್ರದಲ್ಲಿ ಮರೆತವನಿಗೆ ಪ್ರಾಣಕ್ಕೇ ಸಂಚಕಾರ. ಕೆನಡ ದೇಶದ ಉತ್ತರದಲ್ಲಿ, ಅಟ್ಲಾಂಟಿಕ್ ಸಾಗರದಿಂದ ಪೆಸಿಫಿಕ್ ಸಾಗರಕ್ಕೆ ದ್ವೀಪಗಳ ನಡುವೆ ಹಾಯ್ದುಹೋಗುವ ವಾಯವ್ಯ ಜಲಮಾರ್ಗದ ಚರಿತ್ರೆಯೇ ಇದಕ್ಕೆ ಸಾಕ್ಷಿ. ಆ ಮಾರ್ಗದಲ್ಲಿ ನಡೆದ ಎರಡು ಯಾತ್ರೆಗಳನ್ನು ಈ ಹೊತ್ತು ಪರಿಶೀಲಿಸೋಣ.

1845ರ ಮೇ ತಿಂಗಳಲ್ಲಿ ಸರ್ ಜಾನ್ ಫ್ರಾಂಕ್ಲಿನ್ ಎಂಬ ಅನುಭವಶಾಲಿಯಾದ ನೌಕಾಧಿಕಾರಿಯು ಎರೆಬಸ್, ಟೆರರ್ ಎಂಬ ಎರಡು ನೌಕೆಗಳೊಡನೆ ಇಂಗ್ಲೆಂಡನ್ನು ಬಿಟ್ಟು ಹೊರಟನು. ಇವೆರಡೂ ಮುನ್ನೂರು ಟನ್ನುಗಳಿಗೆ ಮಿಕ್ಕಿದವು. ಯುದ್ಧಕ್ಕಾಗಿ ಬಲವಾಗಿ ಕಟ್ಟಿದವು. ಮೂರು ವರ್ಷಗಳ ಆಹಾರವನ್ನು ತುಂಬಿ, ಉಗಿಯಂತ್ರಗಳನ್ನೂ ಜೋಡಿಸಿದ್ದರು. 129 ಮಂದಿ ಹಿಮಪ್ರದೇಶವನ್ನು ಹೊಕ್ಕರು. ಮೊದಲ ಚಳಿಗಾಲವನ್ನು ಬೀಚಿ ದ್ವೀಪದ ಬಳಿ ಕಳೆದು, 1846ರ ಬೇಸಗೆಯಲ್ಲಿ ದಕ್ಷಿಣಕ್ಕೆ ಸಾಗಿದರು. ಸೆಪ್ಟೆಂಬರಿನಲ್ಲಿ ಕಿಂಗ್ ವಿಲಿಯಂ ದ್ವೀಪದ ವಾಯವ್ಯದಲ್ಲಿ ಹಿಮವು ಅವರನ್ನು ಹಿಡಿದುಕೊಂಡಿತು. ಆ ದ್ವೀಪವು ಪೂರ್ವದಲ್ಲಿ ಭೂಖಂಡಕ್ಕೆ ಸೇರಿಕೊಂಡಿದೆಯೆಂದು ಆಗಿನ ನಕ್ಷೆಗಳು ತೋರಿಸುತ್ತಿದ್ದುವು. ಆದುದರಿಂದ ಅವರಿಗೆ ಕಂಡದ್ದು ಪಶ್ಚಿಮದ ದಾರಿಯೊಂದೇ. ಉತ್ತರದ ಭಾರಿ ಹಿಮವೆಲ್ಲ ಒತ್ತಿಕೊಂಡು ಬರುವುದೂ ಅಲ್ಲಿಗೇ.

ಮುಂದಿನ ಬೇಸಗೆ ಬಂದರೆ ಹಿಮ ಬಿಡುವುದೆಂದು ಅವರು ಕಾದರು. 1847ರ ಬೇಸಗೆ ಬಂದಿತು, ಹಿಮ ಬಿಡಲಿಲ್ಲ. ಜೂನ್ 11ರಂದು ಫ್ರಾಂಕ್ಲಿನ್ ತೀರಿಕೊಂಡನು. 1848ರ ಏಪ್ರಿಲ್ 22ರಂದು ಉಳಿದ 105 ಮಂದಿ ನೌಕೆಗಳನ್ನು ತೊರೆದು, ದಕ್ಷಿಣದ ಕಡೆಗೆ ಕಾಲ್ನಡಿಗೆಯಲ್ಲಿ ಹೊರಟರು. ಒಬ್ಬನೂ ಮನೆ ಸೇರಲಿಲ್ಲ. ಎರೆಬಸ್ 2014ರಲ್ಲಿಯೂ, ಟೆರರ್ 2016ರಲ್ಲಿಯೂ ಸಮುದ್ರತಳದಲ್ಲಿ ದೊರೆತುವು.

ಎರಡನೆಯ ಯಾತ್ರೆ ನಾರ್ವೆ ದೇಶದ ರೋಆಲ್ ಅಮುಂಡ್‌ಸೆನ್ನನದು. ಅವನು ಕೊಂಡದ್ದು ಯೋವಾ ಎಂಬ, 1872ರಲ್ಲಿ ಕಟ್ಟಿದ ಹಳೆಯ ಮೀನುಗಾರಿಕೆಯ ಹಡಗು. ಉದ್ದ ಸುಮಾರು ಎಪ್ಪತ್ತು ಅಡಿ, ತೂಕ 47 ಟನ್ನು. ಅವನನ್ನೂ ಸೇರಿಸಿ ಹಡಗಿನಲ್ಲಿದ್ದವರು ಏಳು ಮಂದಿ. 1903ರ ಜೂನ್ ತಿಂಗಳಲ್ಲಿ ಹೊರಟ ಅವನು ಫ್ರಾಂಕ್ಲಿನ್ ಬಿಟ್ಟ ಪೂರ್ವದ ದಾರಿಯನ್ನೇ ಹಿಡಿದನು. ಅಲ್ಲಿಯೊಂದು ಜಲಸಂಧಿಯಿರುವುದನ್ನು ಜಾನ್ ರೇ ಎಂಬ ವೈದ್ಯನು 1854ರಲ್ಲಿ ಕಂಡುಹಿಡಿದಿದ್ದನು. ಆ ದಾರಿಯಲ್ಲಿ ನೀರು ಆಳವಿಲ್ಲ. ಯೋವಾ ಕೂಡ ಒಮ್ಮೆ ಬಂಡೆಯನ್ನೇರಿ, ಮೇಲಟ್ಟದ ಸರಕನ್ನು ಸಮುದ್ರಕ್ಕೆಸೆದ ಬಳಿಕವೇ ಪಾರಾಯಿತು.

ಸೆಪ್ಟೆಂಬರಿನಲ್ಲಿ ಅವರು ಕಿಂಗ್ ವಿಲಿಯಂ ದ್ವೀಪದ ಆಗ್ನೇಯದ ಕೊಲ್ಲಿಯೊಂದನ್ನು ಸೇರಿದಾಗ ಪಶ್ಚಿಮದ ನೀರು ಕಣ್ಣಿಗೆ ಎಟುಕುವವರೆಗೂ ತೆರೆದಿತ್ತು. ಆದರೂ ಅಮುಂಡ್‌ಸೆನ್ ಮುಂದೆ ಹೋಗಲಿಲ್ಲ. ಭೂಮಿಯ ಅಯಸ್ಕಾಂತ ಧ್ರುವವನ್ನು ಪರಿಶೋಧಿಸುವುದು ಅವನ ಉದ್ದೇಶಗಳಲ್ಲಿ ಒಂದಾಗಿದ್ದಿತು. ಅಲ್ಲಿಯೇ ಎರಡು ಚಳಿಗಾಲ ನಿಂತು, ನೆಟ್‌ಸಿಲಿಕ್ ಜನರಿಂದ ತೊಗಲುಡುಪು ಧರಿಸುವುದನ್ನೂ, ಹಿಮದ ಮನೆ ಕಟ್ಟುವುದನ್ನೂ ಕಲಿತನು. ಏಳು ಮಂದಿಯನ್ನು ಆ ನೆಲ ಸಾಕಬಲ್ಲುದಾಗಿತ್ತು; ನೂರಿಪ್ಪತ್ತೊಂಬತ್ತು ಮಂದಿಯನ್ನು ಸಾಕಲಾರದು. 1905ರ ಆಗಸ್ಟಿನಲ್ಲಿ ಲಂಗರೆತ್ತಿ ಸಾಗುವಾಗ ಒಂದೆಡೆ ಹಡಗಿನ ಅಡಿಗೂ ನೆಲಕ್ಕೂ ಒಂದೇ ಅಂಗುಲದ ಅಂತರ ಉಳಿದಿತ್ತಂತೆ. ಎರೆಬಸ್ ಆಗಿದ್ದರೆ ಅಲ್ಲಿಯೇ ಕೂತುಬಿಡುತ್ತಿತ್ತು. 1906ರಲ್ಲಿ ಅವರು ಅಲಾಸ್ಕದ ನೋಮ್ ಪಟ್ಟಣವನ್ನು ತಲುಪಿದರು.

ಇದರಿಂದ, ಚಿಕ್ಕ ನೌಕೆಯೇ ಯಾವಾಗಲೂ ಶ್ರೇಷ್ಠವೆಂದು ತೀರ್ಮಾನಿಸುವುದು ಸರಿಯಲ್ಲವೆಂದು ನಾವು ಭಾವಿಸುತ್ತೇವೆ. ಈಗ ಈ ಮಾರ್ಗದಲ್ಲಿ ವಿಹಾರಾರ್ಥಿಗಳೂ ಹೋಗುತ್ತಿದ್ದಾರೆ. 1984ರಲ್ಲಿ ಲಿಂಡ್‌ಬ್ಲಾಡ್ ಎಕ್ಸ್‌ಪ್ಲೋರರ್ ಎಂಬ ಚಿಕ್ಕ ನೌಕೆಯೂ, 2016ರಲ್ಲಿ ಸುಮಾರು ಸಾವಿರ ಪ್ರಯಾಣಿಕರ ಕ್ರಿಸ್ಟಲ್ ಸೆರೆನಿಟಿಯೂ ಹಾಯ್ದುಹೋದುವು. ಎರಡೂ ಹಿಮ ಅತ್ಯಲ್ಪವಾಗಿರುವ ಆಗಸ್ಟ್–ಸೆಪ್ಟೆಂಬರ್ ವಾರಗಳನ್ನೇ ಆರಿಸಿಕೊಂಡುವು. ದೊಡ್ಡದು ಬೆಂಗಾವಲಿನ ಹಡಗೊಂದನ್ನೂ ಜೊತೆಗೊಯ್ದಿತು. ಚಿಕ್ಕದಾದ ಆ ಎಕ್ಸ್‌ಪ್ಲೋರರ್ 2007ರ ನವೆಂಬರಿನಲ್ಲಿ ದಕ್ಷಿಣ ಧ್ರುವಸಮುದ್ರದಲ್ಲಿ ಹಿಮ ತಾಗಿ ಮುಳುಗಿತು. ಬೇಗನೆ ಬೇರೆ ನೌಕೆ ಬಂದುದರಿಂದ 154 ಮಂದಿಯೂ ಬದುಕಿದರು. ದಕ್ಷಿಣದಲ್ಲಿ ಐನೂರಕ್ಕೆ ಮಿಕ್ಕಿ ಪ್ರಯಾಣಿಕರಿರುವ ನೌಕೆಗಳು ಯಾರನ್ನೂ ದಡಕ್ಕಿಳಿಸಕೂಡದೆಂದೂ, ಒಂದು ಸ್ಥಳದಲ್ಲಿ ಒಮ್ಮೆಗೆ ನೂರು ಮಂದಿಗಿಂತ ಹೆಚ್ಚು ಇಳಿಯಕೂಡದೆಂದೂ ನಿಯಮವುಂಟು.

ಆದುದರಿಂದ ಧ್ರುವಯಾತ್ರೆಗೆ ಹೊರಡುವವರು ನೌಕೆಯ ಭೋಜನಶಾಲೆಯನ್ನು ವಿಚಾರಿಸುವುದಕ್ಕೆ ಮೊದಲು ಮೂರು ಪ್ರಶ್ನೆಗಳನ್ನು ಕೇಳುವುದು ಮೇಲು. ಈ ತಿಂಗಳಲ್ಲಿ ಅಲ್ಲಿಯ ಹಿಮ ಎಷ್ಟು? ಈ ನೌಕೆಗೆ ಬೇಕಾದ ನೀರಿನ ಆಳವೆಷ್ಟು? ಏನಾದರೂ ಸಂಭವಿಸಿದರೆ ಹತ್ತಿರದ ಇನ್ನೊಂದು ನೌಕೆ ಎಷ್ಟು ದೂರದಲ್ಲಿರುವುದು? ಮೂರನೆಯ ಪ್ರಶ್ನೆಗೆ ಫ್ರಾಂಕ್ಲಿನ್ನನ 105 ಮಂದಿಯ ಬಳಿ ಉತ್ತರವಿರಲಿಲ್ಲ.