ಸುತಿಯೋಸೊ

ಸುತಿಯೋಸೊ (1944– ): ಇಂಡೊನೇಷ್ಯದ ಭೂಸೇನೆಯಲ್ಲಿ ಲೆಫ್ಟಿನೆಂಟ್ ಜನರಲ್ ದರ್ಜೆಗೇರಿ, 1997ರಿಂದ 2007ರವರೆಗೆ ರಾಜಧಾನಿ ಜಕಾರ್ತದ ಗವರ್ನರ್ ಆಗಿದ್ದ ಸೇನಾಧಿಕಾರಿ, ರಾಜಕಾರಣಿ. ಜಾವಾದ ಅನೇಕರಂತೆ ಇವರಿಗೂ ಇರುವುದು ಒಂದೇ ಹೆಸರು. ಜಕಾರ್ತದ ಜನ ಅಣ್ಣ ಎಂಬ ಅರ್ಥದ ಬೆತಾವಿ ಪದವನ್ನು ಸೇರಿಸಿ ಇವರನ್ನು ‘ಬಾಂಗ್ ಯೋಸ್’ ಎಂದು ಕರೆಯುತ್ತಾರೆ. ರಾಷ್ಟ್ರಾಧ್ಯಕ್ಷ ಸುಹಾರ್ತೊ ಆಳ್ವಿಕೆಯ ಕೊನೆಯ ತಿಂಗಳುಗಳಲ್ಲಿ ಅಧಿಕಾರಕ್ಕೆ ಬಂದು, ಆ ಆಳ್ವಿಕೆ ಕುಸಿದ ಮೇಲೂ ಪದವಿಯಲ್ಲಿ ಉಳಿದು, ಒಟ್ಟು ಐವರು ಅಧ್ಯಕ್ಷರ ಕಾಲದಲ್ಲಿ ಗವರ್ನರ್ ಆಗಿದ್ದುದರಿಂದ, ಇಂಡೊನೇಷ್ಯದಲ್ಲಿ ಸೇನಾ ಪ್ರಾಬಲ್ಯದ ಆಡಳಿತ ಕ್ರಮೇಣ ಚುನಾಯಿತ ಆಡಳಿತಕ್ಕೆ ಎಡೆಮಾಡಿಕೊಟ್ಟ ಬಗೆಯನ್ನು ತಿಳಿಯಲು ಇವರ ಜೀವನ ಉಪಯುಕ್ತ ನಿದರ್ಶನವಾಗಿದೆ.

ಮಧ್ಯ ಜಾವಾದ ಸೆಮರಾಂಗ್‌ನಲ್ಲಿ 1944ರ ಡಿಸೆಂಬರ್ 6ರಂದು ಜನಿಸಿದ ಸುತಿಯೋಸೊ, 1968ರಲ್ಲಿ ಸೇನಾ ಅಕಾಡೆಮಿಯಿಂದ ಹೊರಬಂದು, ಇಂದು ‘ಕೊಪಾಸುಸ್’ ಎಂದು ಕರೆಯಲಾಗುವ ವಿಶೇಷ ಪಡೆಯಲ್ಲಿ ವೃತ್ತಿಜೀವನದ ಬಹುಭಾಗವನ್ನು ಕಳೆದರು. ಪೋರ್ಚುಗಲ್ ತನ್ನ ವಸಾಹತಾದ ಪೂರ್ವ ತಿಮೋರಿನಿಂದ ಹಿಂದೆ ಸರಿಯುತ್ತಿದ್ದ 1975ರಲ್ಲಿ ಇಂಡೊನೇಷ್ಯ ಆ ನೆಲದೊಳಕ್ಕೆ ಗುಪ್ತವಾಗಿ ಸೈನಿಕರನ್ನು ನುಗ್ಗಿಸಿದ ‘ಫ್ಲಾಂಬೋಯಾನ್’ ಕಾರ್ಯಾಚರಣೆಯಲ್ಲಿ ಇವರೂ ಇದ್ದರು. ಈ ಕಾರ್ಯಾಚರಣೆಯ ನೆರಳು ಮೂರು ದಶಕಗಳ ಅನಂತರ ಇವರನ್ನು ಅನಿರೀಕ್ಷಿತವಾಗಿ ಹಿಂಬಾಲಿಸಿತು.

ಸೇನಾಧಿಕಾರಿಯೊಬ್ಬ ನೇರವಾಗಿ ಗವರ್ನರ್ ಆಗುವುದು ಅಂದಿನ ಇಂಡೊನೇಷ್ಯದಲ್ಲಿ ಅಪವಾದವಾಗಿರಲಿಲ್ಲ. ದೇಶರಕ್ಷಣೆಯ ಜೊತೆಗೆ ರಾಜಕೀಯ ಮತ್ತು ಸಾಮಾಜಿಕ ಕ್ಷೇತ್ರಗಳಲ್ಲೂ ಸೇನೆಗೆ ಪಾತ್ರವುಂಟು ಎಂಬ ‘ದ್ವಿಫುಂಗ್ಸಿ’, ಅಂದರೆ ಇಮ್ಮಡಿ ಕರ್ತವ್ಯದ ಸಿದ್ಧಾಂತಕ್ಕೆ, ಜನರಲ್ ನಸುತಿಯೊನ್ 1958ರಲ್ಲಿ ಮಂಡಿಸಿದ ಮಧ್ಯಮ ಮಾರ್ಗದ ವಿಚಾರ ತಳಹದಿಯಾಗಿತ್ತು. ಸುಹಾರ್ತೊ ಅದನ್ನು ತಮ್ಮ ‘ಹೊಸ ವ್ಯವಸ್ಥೆ’ಯ ಆಧಾರಸ್ತಂಭವಾಗಿಸಿ, ಶಾಸನಸಭೆಗಳಲ್ಲಿ ಸೇನೆಗೆ ಸ್ಥಾನಗಳನ್ನು ಮೀಸಲಿಟ್ಟು, ಸಚಿವಾಲಯ, ಪ್ರಾಂತ, ಜಿಲ್ಲೆಗಳ ಹುದ್ದೆಗಳಿಗೆ ಅಧಿಕಾರಿಗಳನ್ನು ಕಳುಹಿಸಿದರು. ಇದಕ್ಕೆ ಪೂರಕವಾಗಿ, ನಾಗರಿಕ ಆಡಳಿತದ ಪ್ರತಿಯೊಂದು ಹಂತಕ್ಕೂ ಸಮಾನಾಂತರವಾಗಿ, ಪ್ರಾಂತಗಳ ಮೇಲಿನ ವಲಯ ಕಮಾಂಡಿನಿಂದ ಹಿಡಿದು ಹಳ್ಳಿಯ ಹವಾಲ್ದಾರನವರೆಗೆ ಸೇನೆಯ ಜಾಲ ಹರಡಿತ್ತು. ಜಕಾರ್ತದಲ್ಲಂತೂ 1966ರಲ್ಲಿ ನೇಮಕಗೊಂಡ ನೌಕಾ ಯೋಧ ಅಲಿ ಸಾದಿಕಿನ್ ಮೊದಲಾಗಿ ಚೊಕ್ರೊಪ್ರಾನೊಲೊ, ಸುಪ್ರಾಪ್ತೊ, ವಿಯೋಗೊ ಅತ್ಮೊದರ್ಮಿಂತೊ, ಸುರ್ಯಾದಿ ಸುದಿರ್ಜ ಹೀಗೆ ಸಾಲಾಗಿ ಬಂದವರೆಲ್ಲರೂ ಸೇನಾ ಹಿನ್ನೆಲೆಯವರೇ. ಭಾರತದ ರಾಜ್ಯಪಾಲರಿಗಿಂತ ಭಿನ್ನವಾಗಿ ಇಂಡೊನೇಷ್ಯದ ಗವರ್ನರ್ ಆಡಳಿತವನ್ನು ತಾನೇ ನಡೆಸುವ ಕಾರಣ, ಅಧಿಕಾರದ ದೃಷ್ಟಿಯಿಂದ ಆತನನ್ನು ಮುಖ್ಯಮಂತ್ರಿಗೆ ಹೋಲಿಸುವುದು ಹೆಚ್ಚು ಸರಿ. ಜಕಾರ್ತ ವಿಶೇಷ ರಾಜಧಾನಿ ಪ್ರದೇಶವಾಗಿ ಪ್ರಾಂತದ ಸ್ಥಾನಮಾನ ಪಡೆದಿದ್ದುದರಿಂದ, ಅಲ್ಲಿನ ಗವರ್ನರ್ ನಗರಾಡಳಿತದ ಮುಖ್ಯಸ್ಥನೂ ಆಗಿರುತ್ತಿದ್ದ.

ಗವರ್ನರ್ ಆಗುವ ಮುನ್ನ ಸುತಿಯೋಸೊ ಜಕಾರ್ತ ವಲಯದ ‘ಕೋಡಾಂ ಜಾಯಾ’ ಕಮಾಂಡಿನ ಅಧಿಪತಿಯಾಗಿದ್ದರು. ಆ ಅವಧಿಯಲ್ಲೇ, ಇಂಡೊನೇಷ್ಯ ಪ್ರಜಾಸತ್ತಾತ್ಮಕ ಪಕ್ಷದ ನಾಯಕತ್ವದಿಂದ ಮೇಗಾವತಿ ಸುಕರ್ಣೊಪುತ್ರಿಯವರನ್ನು ಸರ್ಕಾರದ ಬೆಂಬಲದ ಬಣ ಕಿತ್ತುಹಾಕಿದಾಗ, ಪಕ್ಷದ ಕೇಂದ್ರ ಕಚೇರಿಯನ್ನು ಬಿಟ್ಟುಕೊಡದೆ ಕುಳಿತಿದ್ದ ಮೇಗಾವತಿ ಬೆಂಬಲಿಗರ ಮೇಲೆ 1996ರ ಜುಲೈ 27ರಂದು ದಾಳಿ ನಡೆದು, ಗಲಭೆ ನಗರಕ್ಕೆ ಹಬ್ಬಿತು. ಐವರು ಸತ್ತರೆಂದೂ 149 ಮಂದಿ ಗಾಯಗೊಂಡರೆಂದೂ 23 ಮಂದಿ ಕಾಣೆಯಾದರೆಂದೂ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ವರದಿ ಮಾಡಿತು. ಅಂದು ನಗರದ ಸೇನಾಧಿಪತಿಯಾಗಿದ್ದ ಇವರ ಹೊಣೆ ಎಷ್ಟು ಎಂಬ ಪ್ರಶ್ನೆ ಮುಂದೆ ಇವರು ಗವರ್ನರ್ ಆಗಿದ್ದ ಅವಧಿಯುದ್ದಕ್ಕೂ ಮತ್ತೆ ಮತ್ತೆ ಎದ್ದಿತು.

1997ರ ಅಕ್ಟೋಬರ್‌ನಲ್ಲಿ ಅಧಿಕಾರ ವಹಿಸಿಕೊಂಡಾಗ ಏಷ್ಯದ ಆರ್ಥಿಕ ಬಿಕ್ಕಟ್ಟಿನಿಂದ ರುಪಿಯಾದ ಬೆಲೆ ಇಳಿಯುತ್ತಿತ್ತು. ಮರುವರ್ಷ ಮೇ 12ರಂದು ತ್ರಿಸಕ್ತಿ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದ ಬಳಿಕ ಭುಗಿಲೆದ್ದ ಗಲಭೆಯಲ್ಲಿ ಚೀನೀ ಮೂಲದವರ ಅಂಗಡಿಮನೆಗಳು ವಿಶೇಷವಾಗಿ ಲೂಟಿಗೆ ತುತ್ತಾದವು. ಬೆಂಕಿ ಬಿದ್ದ ಮಾರಾಟ ಸಂಕೀರ್ಣಗಳೊಳಗೆ ಸಿಕ್ಕಿಬಿದ್ದವರೂ ಸೇರಿ ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಮೇ 21ರಂದು ಸುಹಾರ್ತೊ ರಾಜೀನಾಮೆ ನೀಡಿದರು. ತಮ್ಮನ್ನು ನೇಮಿಸಿದ ಆಡಳಿತವೇ ಹೋದರೂ ಸುತಿಯೋಸೊ ಪದವಿ ಉಳಿಸಿಕೊಂಡದ್ದು ಹೊಸ ನಾಯಕರೊಡನೆ ಹೊಂದಿಕೊಂಡು ಹೋಗುವ ಅವರ ಜಾಣ್ಮೆಗೆ ಸಾಕ್ಷಿ. ಇದರ ತುತ್ತತುದಿ ಕಂಡದ್ದು 2002ರಲ್ಲಿ: ಪ್ರಾಂತೀಯ ಶಾಸನಸಭೆ ಗವರ್ನರನ್ನು ಆಯ್ಕೆ ಮಾಡಬೇಕಾಗಿ ಬಂದಾಗ, ಆ ವೇಳೆಗೆ ರಾಷ್ಟ್ರಾಧ್ಯಕ್ಷರಾಗಿದ್ದ ಮೇಗಾವತಿ, ತಮ್ಮ ಪಕ್ಷದ ನಗರ ಘಟಕದಲ್ಲೇ ಅಸಮಾಧಾನವಿದ್ದರೂ, ಜುಲೈ 27ರ ಸಂತ್ರಸ್ತರು ಪ್ರತಿಭಟಿಸಿದರೂ, ಸುತಿಯೋಸೊ ಅವರನ್ನೇ ಬೆಂಬಲಿಸಿದರು. ಸುತಿಯೋಸೊ ಮತ್ತೆ ಆಯ್ಕೆಯಾದರು, ನಾಗರಿಕ ಅಧಿಕಾರಿ ಫೌಜಿ ಬೊವೊ ಉಪಗವರ್ನರ್ ಆದರು.

ಎರಡನೆಯ ಅವಧಿಯ ಮುಖ್ಯ ಸಾಧನೆ ‘ಟ್ರಾನ್ಸ್‌ಜಕಾರ್ತ’. ಸಾಮಾನ್ಯ ವಾಹನಗಳಿಗೆ ಪ್ರವೇಶವಿಲ್ಲದ ಪ್ರತ್ಯೇಕ ಪಥದಲ್ಲಿ ಬಸ್ಸು ಓಡಿಸಿ, ಬಸ್ಸಿನ ನೆಲದ ಮಟ್ಟಕ್ಕೆ ಎತ್ತರಿಸಿದ ನಿಲ್ದಾಣಗಳಲ್ಲಿ ಮೊದಲೇ ಟಿಕೆಟ್ ಪಡೆದ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವ ಈ ಪದ್ಧತಿಗೆ ಕೊಲಂಬಿಯದ ಬೊಗೊಟಾ ನಗರದ ಬಸ್ ಸೇವೆಯೇ ಮಾದರಿ. ದಕ್ಷಿಣದ ಬ್ಲಾಕ್ ಎಂ ನಿಲ್ದಾಣದಿಂದ ಉತ್ತರದ ಹಳೆಯ ಪಟ್ಟಣ ಕೋಟಾವರೆಗಿನ 12.9 ಕಿ.ಮೀ. ಉದ್ದದ ಮೊದಲ ಮಾರ್ಗ 2004ರ ಜನವರಿ 15ರಂದು ಆರಂಭವಾಯಿತು. ಮೊದಲೇ ಕಿಕ್ಕಿರಿದ ರಸ್ತೆಗಳಿಂದ ಒಂದು ಪಥವನ್ನು ಕಿತ್ತುಕೊಂಡರೆ ದಟ್ಟಣೆ ಹೆಚ್ಚುವುದೆಂದು ಕಾರು ಮಾಲೀಕರೂ ಪತ್ರಿಕೆಗಳೂ ತೀವ್ರವಾಗಿ ಟೀಕಿಸಿದರೂ ಗವರ್ನರ್ ಹಿಂಜರಿಯಲಿಲ್ಲ. ಮಾತುಕತೆಗಿಂತ ಆಜ್ಞೆಯನ್ನು ನೆಚ್ಚಿಕೊಳ್ಳುವ ಸೈನಿಕ ಸ್ವಭಾವ ಇಲ್ಲಿ ನಗರಕ್ಕೆ ಅನುಕೂಲವಾಗಿ ಪರಿಣಮಿಸಿತೆಂದು ಹೇಳಬೇಕು. ಇವರು ಅಧಿಕಾರ ಬಿಡುವ ವೇಳೆಗೆ ಏಳು ಮಾರ್ಗಗಳು ಓಡುತ್ತಿದ್ದವು, ಮತ್ತು 2020ರ ಆರಂಭದಲ್ಲಿ ದಿನದ ಪ್ರಯಾಣಿಕರ ಸಂಖ್ಯೆ ಹತ್ತು ಲಕ್ಷ ದಾಟಿತು. ಜೊತೆಗೆ ಕೈಗೊಂಡ ಇತರ ಕ್ರಮಗಳಿಗೆ ಇಷ್ಟು ಯಶಸ್ಸು ಸಿಗಲಿಲ್ಲ. ಮುಖ್ಯ ರಸ್ತೆಗಳಲ್ಲಿ ಕಾರಿನಲ್ಲಿ ಕನಿಷ್ಠ ಮೂವರು ಇರಬೇಕೆಂಬ ಹಿಂದಿನ ನಿಯಮವನ್ನು ಸಂಜೆಯ ವೇಳೆಗೂ ವಿಸ್ತರಿಸಿದಾಗ, ಹಣ ಪಡೆದು ಕಾರಿನಲ್ಲಿ ಕುಳಿತುಕೊಳ್ಳುವ ‘ಜೋಕಿ’ಗಳ ದಂಧೆ ಬೆಳೆಯಿತು. 2004ರಲ್ಲೇ ಶಂಕುಸ್ಥಾಪನೆಯಾದ ಮಾನೊರೈಲು ಹಣ ಸಾಲದೆ ನಿಂತುಹೋಗಿ, ರಸುನಾ ಸಯೀದ್ ರಸ್ತೆಯ ನಡುವೆ ಬರೀ ಕಾಂಕ್ರೀಟ್ ಕಂಬಗಳು ವರ್ಷಗಟ್ಟಲೆ ಉಳಿದವು.

ಅದೇ ಸೈನಿಕ ಸ್ವಭಾವದ ಕಷ್ಟವನ್ನು ಉಂಡವರು ನಗರದ ಬಡವರು. ಬಿಕ್ಕಟ್ಟಿನ ದಿನಗಳಲ್ಲಿ, 1998ರಲ್ಲಿ, ನಿರುದ್ಯೋಗಿಗಳಿಗೆ ಆಸರೆಯಾಗಲೆಂದು ‘ಬೆಚಾ’ ಎಂಬ ಸೈಕಲ್ ರಿಕ್ಷಾಗಳಿಗೆ ಅನುಮತಿ ಕೊಟ್ಟು, ಹಳ್ಳಿಗಳಿಂದ ಚಾಲಕರು ಗುಂಪುಗುಂಪಾಗಿ ಬರತೊಡಗಿದೊಡನೆ ಅದನ್ನು ಹಿಂತೆಗೆದುಕೊಂಡದ್ದು, ಅನಂತರದ ವರ್ಷಗಳಲ್ಲಿ ಕಾಲುವೆ, ನದಿ ದಂಡೆಗಳ ಗುಡಿಸಲುಗಳನ್ನೂ ಬೀದಿ ವ್ಯಾಪಾರಿಗಳನ್ನೂ ಬಲವಂತವಾಗಿ ತೆರವುಗೊಳಿಸಿದ್ದು ದೀರ್ಘ ಸಂಘರ್ಷಕ್ಕೆ ಕಾರಣವಾದವು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2006ರಲ್ಲಿ ಈ ತೆರವುಗಳ ಬಗ್ಗೆಯೇ ಪ್ರತ್ಯೇಕ ವರದಿ ಪ್ರಕಟಿಸಿತು. ತೆರವಿಗೆ ಕೊಟ್ಟ ಕಾರಣಗಳಲ್ಲಿ ಪ್ರವಾಹ ನಿಯಂತ್ರಣವೂ ಒಂದು. ಹದಿಮೂರು ನದಿಗಳು ಹರಿಯುವ, ಅಂತರ್ಜಲವನ್ನು ಮಿತಿಮೀರಿ ಎತ್ತುವುದರಿಂದ ನೆಲವೇ ಕುಸಿಯುತ್ತಿರುವ ಈ ನಗರ 2002ರಲ್ಲೂ 2007ರ ಫೆಬ್ರವರಿಯಲ್ಲೂ ಮುಳುಗಿತು. ಎರಡನೆಯ ಬಾರಿ ನಗರದ ಅರ್ಧಕ್ಕೂ ಹೆಚ್ಚು ಭಾಗ ನೀರಿನಡಿಯಾಗಿ ಲಕ್ಷಾಂತರ ಜನ ಮನೆ ಬಿಟ್ಟರು. ಪರಿಹಾರವೆಂದು ಹಮ್ಮಿಕೊಂಡ ಪೂರ್ವ ಪ್ರವಾಹ ಕಾಲುವೆಯ ಕಾಮಗಾರಿ 2003ರಲ್ಲಿ ಆರಂಭವಾದರೂ, ಭೂಸ್ವಾಧೀನ ತಡವಾದ್ದರಿಂದ ಇವರ ಅವಧಿಯಲ್ಲಿ ಮುಗಿಯಲಿಲ್ಲ.

2007ರ ಮೇ ತಿಂಗಳಲ್ಲಿ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯ ಸರ್ಕಾರದ ಅತಿಥಿಯಾಗಿ ಸಿಡ್ನಿಗೆ ಹೋಗಿದ್ದಾಗ, 1975ರ ಅಕ್ಟೋಬರ್ 16ರಂದು ತಿಮೋರಿನ ಬಾಲಿಬೊ ಊರಿನಲ್ಲಿ ಆಸ್ಟ್ರೇಲಿಯದ ಸುದ್ದಿವಾಹಿನಿಗಳ ಐವರು ಪತ್ರಕರ್ತರು ಸತ್ತ ಪ್ರಕರಣವನ್ನು ವಿಚಾರಿಸುತ್ತಿದ್ದ ನ್ಯಾಯಾಲಯದ ಮುಂದೆ ಹಾಜರಾಗುವಂತೆ ಕೋರಲು ಪೊಲೀಸರು ಇವರ ಹೋಟೆಲ್ ಕೋಣೆಯೊಳಗೆ ಬಂದರು. ತಾವು ಬಾಲಿಬೊದಲ್ಲಿ ಇರಲಿಲ್ಲವೆಂದು ಹೇಳಿದ ಸುತಿಯೋಸೊ ಪ್ರವಾಸ ಮೊಟಕುಗೊಳಿಸಿ ಸ್ವದೇಶಕ್ಕೆ ಮರಳಿದರು; ರಾಜತಾಂತ್ರಿಕ ಬಿಸಿ ಏರಿ ಆ ರಾಜ್ಯದ ಪ್ರೀಮಿಯರ್ ಕ್ಷಮೆ ಕೇಳಿದರು. ಪತ್ರಕರ್ತರನ್ನು ಇಂಡೊನೇಷ್ಯದ ವಿಶೇಷ ಪಡೆಗಳು ಉದ್ದೇಶಪೂರ್ವಕವಾಗಿ ಕೊಂದವೆಂದು ಅದೇ ನವೆಂಬರ್‌ನಲ್ಲಿ ನ್ಯಾಯಾಲಯ ತೀರ್ಮಾನಿಸಿತಾದರೂ, ಹೊಣೆಗಾರರೆಂದು ಹೆಸರಿಸಿದವರಲ್ಲಿ ಸುತಿಯೋಸೊ ಇರಲಿಲ್ಲ.

ಜಕಾರ್ತದ ಮೊದಲ ನೇರ ಚುನಾವಣೆ 2007ರ ಆಗಸ್ಟ್‌ನಲ್ಲಿ ನಡೆದು, ಗೆದ್ದ ಫೌಜಿ ಬೊವೊ ಅಕ್ಟೋಬರ್‌ನಲ್ಲಿ ಅಧಿಕಾರ ವಹಿಸಿಕೊಂಡರು. ಹೀಗಾಗಿ ಶಾಸನಸಭೆಯ ಮತದಿಂದ ಆಯ್ಕೆಯಾದ ಗವರ್ನರ್‌ಗಳಲ್ಲಿ ಸುತಿಯೋಸೊ ಕೊನೆಯವರು. ರಾಷ್ಟ್ರಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸುವ ಆಸೆ ಕೈಗೂಡದೆ, 2010ರಲ್ಲಿ ಚಿಕ್ಕದಾದ ನ್ಯಾಯ ಮತ್ತು ಏಕತಾ ಪಕ್ಷದ ಅಧ್ಯಕ್ಷರಾದರು. 2014ರ ಚುನಾವಣೆಯಲ್ಲಿ ಆ ಪಕ್ಷಕ್ಕೆ ಶೇ. 1ರಷ್ಟು ಮತವೂ ಬರಲಿಲ್ಲ. ಆದರೆ ಅಧ್ಯಕ್ಷ ಚುನಾವಣೆಯಲ್ಲಿ ಅದು ಬೆಂಬಲಿಸಿದ ಜೋಕೊ ವಿದೊದೊ ಗೆದ್ದು, 2015ರ ಜುಲೈನಲ್ಲಿ ಇವರನ್ನು ರಾಷ್ಟ್ರೀಯ ಗುಪ್ತಚರ ಸಂಸ್ಥೆಯ ಮುಖ್ಯಸ್ಥರನ್ನಾಗಿ ನೇಮಿಸಿದರು. ಆ ವರ್ಷದ ಕೊನೆಗೆ ಅಚೆ ಪ್ರಾಂತದ ಸಶಸ್ತ್ರ ಗುಂಪಿನ ನಾಯಕ ದಿನ್ ಮಿನಿಮಿ ಇವರ ಮಾತುಕತೆಯ ಫಲವಾಗಿ ಶರಣಾದ. 2016ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಅಧಿಕಾರಿ ಬುದಿ ಗುನಾವನ್ ಅವರಿಗೆ ಆ ಹುದ್ದೆಯನ್ನು ಬಿಟ್ಟುಕೊಟ್ಟರು.