ರಾಜ ಬಾರದ ಪೀಠ

ಲಂಡನ್ನಿನ ಟ್ರಾಫಲ್ಗರ್ ಚೌಕದ ಮೂಲೆಗಳಲ್ಲಿ ನಾಲ್ಕು ಕಲ್ಲಿನ ಪೀಠಗಳಿವೆ. ಮೂರರ ಮೇಲೆ ಪ್ರತಿಮೆಗಳು. 1841ರಲ್ಲಿ ಕಟ್ಟಿದ ನಾಲ್ಕನೆಯದರ ಮೇಲೆ ದೊರೆ ನಾಲ್ಕನೇ ವಿಲಿಯಂ ಕುದುರೆ ಏರಿ ಕೂರಬೇಕಿತ್ತು. ದುಡ್ಡು ಸಾಲಲಿಲ್ಲ! ಸೂರ್ಯ ಮುಳುಗದ ಸಾಮ್ರಾಜ್ಯಕ್ಕೂ ಬಜೆಟ್ ತಾಪತ್ರಯ ನೋಡಿ. ಒಂದೂವರೆ ಶತಮಾನ ಅದು ಖಾಲಿಯೇ ಇತ್ತು.

ಉಳಿದ ಮೂರರ ಮೇಲೆ ಯಾರಿದ್ದಾರೆ ಗೊತ್ತಾ? ಒಬ್ಬ ದೊರೆ ನಾಲ್ಕನೇ ಜಾರ್ಜ್. ಇನ್ನಿಬ್ಬರು ನಮ್ಮ ದೇಶದಲ್ಲಿ ಹೆಸರು ಮಾಡಿದವರೇ: 1843ರಲ್ಲಿ ಸಿಂಧ್ ಕಬಳಿಸಿದ ನೇಪಿಯರ್, 1857ರಲ್ಲಿ ಕಾನ್ಪುರ, ಲಖನೌ ಕಡೆ ಸೇನೆ ನಡೆಸಿದ ಹ್ಯಾವ್ಲಾಕ್. 2000ದಲ್ಲಿ ಮೇಯರ್ ಕೆನ್ ಲಿವಿಂಗ್‌ಸ್ಟನ್, ಈ ಇಬ್ಬರು ಜನರಲ್‌ಗಳು ಯಾರಂತಲೇ ತನಗೆ ಗೊತ್ತಿಲ್ಲ, ತೆಗೆದುಬಿಡೋಣ ಅಂದಿದ್ದರು. ಪ್ರತಿಮೆಗಳೇನೋ ಅಲ್ಲೇ ಇವೆ.

ಖಾಲಿ ಪೀಠದ ಅದೃಷ್ಟವೇ ಬೇರೆ. 1999ರಲ್ಲಿ ಮಾರ್ಕ್ ವಾಲಿಂಜರ್ ಅದರ ಅಂಚಿನಲ್ಲಿ ಆಳೆತ್ತರದ ಕ್ರಿಸ್ತನನ್ನು ನಿಲ್ಲಿಸಿದರು. ಅಷ್ಟು ದೊಡ್ಡ ಪೀಠದ ಮೇಲೆ ಪುಟ್ಟ ಮನುಷ್ಯ. 2005ರಲ್ಲಿ ಮಾರ್ಕ್ ಕ್ವಿನ್ ಇಟ್ಟದ್ದು, ಹುಟ್ಟಿನಿಂದಲೇ ಕೈಗಳಿಲ್ಲದ ಕಲಾವಿದೆ ಆಲಿಸನ್ ಲ್ಯಾಪರ್ ಗರ್ಭಿಣಿಯಾಗಿದ್ದಾಗಿನ ಬಿಳಿ ಅಮೃತಶಿಲೆಯ ಪ್ರತಿಮೆ. ವೀರರ ಚೌಕದಲ್ಲಿ ಇದೇಕೆ ಅಂತ ಕೆಲವರು ಗೊಣಗಿದರು. ನಡುವಿನ ಕಂಬದ ಮೇಲಿರುವ ನೆಲ್ಸನ್‌ಗೂ ಒಂದೇ ಕೈ ಅನ್ನೋದು ಅವರಿಗೆ ಮರೆತೇ ಹೋಗಿತ್ತೇನೋ!

ನನಗೆ ತುಂಬಾ ಇಷ್ಟವಾದದ್ದು 2009ರದ್ದು. ಆಂಟನಿ ಗಾರ್ಮ್ಲಿ ಪ್ರತಿಮೆಯನ್ನೇ ಮಾಡಲಿಲ್ಲ. 100 ದಿನ, ಹಗಲೂ ರಾತ್ರಿ, ಗಂಟೆಗೊಬ್ಬರಂತೆ ಸಾಮಾನ್ಯ ಜನರನ್ನು ಅಲ್ಲಿಗೆ ಹತ್ತಿಸಿದರು. ಲೆಕ್ಕ ಹಾಕಿ, ಒಟ್ಟು 2,400 ಜನ. ಅರ್ಜಿ ಹಾಕಿದವರಲ್ಲಿ ಯಾರು ಅಂತ ಆರಿಸಿದ್ದು ಕಂಪ್ಯೂಟರ್, ನಮ್ಮ ಅದೇ ರ‍್ಯಾಂಡಮ್ ಫಂಕ್ಷನ್! ಮೇಲೆ ಹೋದವರು ಏನು ಬೇಕಾದರೂ ಮಾಡಬಹುದಿತ್ತು, ಸುಮ್ಮನೆ ಕೂರಲೂಬಹುದಿತ್ತು. ಬಿದ್ದರೆ ಹಿಡಿಯಲು ಸುತ್ತ ಬಲೆ. ಗಂಟೆ ಮುಗಿಯುತ್ತಲೇ ಕ್ರೇನು ಬಂದು ಒಬ್ಬರನ್ನು ಇಳಿಸಿ ಇನ್ನೊಬ್ಬರನ್ನು ಏರಿಸುತ್ತಿತ್ತು.