ಸೂಚ್ಯಂಕ ಆಧಾರಿತ ಜಾನುವಾರು ವಿಮೆ

ಸೂಚ್ಯಂಕ ಆಧಾರಿತ ಜಾನುವಾರು ವಿಮೆಯು ಉಪಗ್ರಹಗಳು ಅಳೆಯುವ ಹಸಿರಿನ ಪ್ರಮಾಣವನ್ನು ಆಧಾರವಾಗಿಟ್ಟುಕೊಂಡು, ಬರಗಾಲದಲ್ಲಿ ಪಶುಪಾಲಕರಿಗೆ ಪರಿಹಾರ ಧನ ನೀಡುವ ಪದ್ಧತಿಯಾಗಿದೆ. ಇದು 2010ರ ಜನವರಿಯಲ್ಲಿ ಉತ್ತರ ಕೀನ್ಯಾದ ಮಾರ್ಸಬಿಟ್ ಪ್ರದೇಶದಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ನೈರೋಬಿಯಲ್ಲಿರುವ ಅಂತರರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆಯು ಕಾರ್ನೆಲ್ ವಿಶ್ವವಿದ್ಯಾಲಯ ಮೊದಲಾದ ಸಂಸ್ಥೆಗಳ ಸಹಯೋಗದಲ್ಲಿ ಇದನ್ನು ರೂಪಿಸಿತು.

ಹಿನ್ನೆಲೆ

ಉತ್ತರ ಕೀನ್ಯಾದ ಬಹುಭಾಗ ಶುಷ್ಕ ಪ್ರದೇಶ. ಇಲ್ಲಿನ ಜನರು ಒಂಟೆ, ದನ, ಕುರಿ ಮತ್ತು ಮೇಕೆಗಳನ್ನು ನಂಬಿ ಬದುಕುತ್ತಾರೆ. ಮಾರ್ಚ್‌ನಿಂದ ಮೇವರೆಗೆ ಹಾಗೂ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಎರಡು ಮಳೆಗಾಲಗಳಿದ್ದು, ಮಳೆ ಕೈಕೊಟ್ಟರೆ ಮೇವಿಲ್ಲದೆ ಜಾನುವಾರುಗಳು ಸಾಯುತ್ತವೆ. ಸಾಮಾನ್ಯ ವಿಮೆಯಲ್ಲಿ ಸತ್ತ ಪ್ರತಿಯೊಂದು ಪ್ರಾಣಿಯನ್ನೂ ಅಧಿಕಾರಿಗಳು ಪರಿಶೀಲಿಸಬೇಕಾಗುತ್ತದೆ. ಅಲೆಮಾರಿ ಪಶುಪಾಲಕರ ವಿಷಯದಲ್ಲಿ ಇದು ಬಹು ವೆಚ್ಚದ, ಬಹುತೇಕ ಅಸಾಧ್ಯವಾದ ಕೆಲಸ.

ಕಾರ್ಯವಿಧಾನ

ಹಸಿರು ಎಲೆಗಳು ಕೆಂಪು ಬೆಳಕನ್ನು ಹೀರಿಕೊಂಡು, ಅವಕೆಂಪು ಸಮೀಪದ ಕಿರಣಗಳನ್ನು ಹೆಚ್ಚಾಗಿ ಪ್ರತಿಫಲಿಸುತ್ತವೆ. ಈ ಎರಡರ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದಾಗ ಎನ್‌ಡಿವಿಐ ಎಂಬ ಸಸ್ಯ ಸೂಚ್ಯಂಕ ದೊರೆಯುತ್ತದೆ. ಇದರ ಬೆಲೆ -1 ಮತ್ತು +1ರ ನಡುವೆ ಇರುತ್ತದೆ. ಒಂದು ಪ್ರದೇಶದ ಋತುಮಾನದ ಸೂಚ್ಯಂಕವನ್ನು ಅದೇ ಪ್ರದೇಶದ ಹಿಂದಿನ ವರ್ಷಗಳ ದಾಖಲೆಯೊಂದಿಗೆ ಹೋಲಿಸಲಾಗುತ್ತದೆ. ಅದು ನಿಗದಿತ ಮಟ್ಟಕ್ಕಿಂತ ಕೆಳಗಿಳಿದರೆ ಆ ಪ್ರದೇಶದ ಎಲ್ಲ ವಿಮಾದಾರರಿಗೂ ಪರಿಹಾರ ಸಲ್ಲುತ್ತದೆ. ಯಾರ ಹಿಂಡನ್ನೂ ಎಣಿಸಬೇಕಾಗಿಲ್ಲ.

ಆರಂಭದಲ್ಲಿ ಸೂಚ್ಯಂಕದಿಂದ ಜಾನುವಾರುಗಳ ಸಾವಿನ ಪ್ರಮಾಣವನ್ನು ಅಂದಾಜಿಸಿ, ಅದು ಶೇ. 15ನ್ನು ಮೀರಿದಾಗ ಹಣ ನೀಡಲಾಗುತ್ತಿತ್ತು. ಮುಂದೆ ಈ ಕ್ರಮವನ್ನು ಬದಲಿಸಿ, ಮೇವಿನ ಕೊರತೆಯನ್ನೇ ಅಳೆದು ಪ್ರಾಣಿಗಳು ಸಾಯುವ ಮೊದಲೇ ಹಣ ನೀಡುವ ಕ್ರಮ ಬಂದಿತು. ಆ ಹಣದಿಂದ ಮೇವು, ನೀರು, ಔಷಧಿ ಕೊಂಡು ಹಿಂಡನ್ನು ಉಳಿಸಿಕೊಳ್ಳಲು ಸಾಧ್ಯವಾಗುತ್ತದೆ.

ವಿಸ್ತರಣೆ

2011ರ ತೀವ್ರ ಬರಗಾಲದಲ್ಲಿ ಮಾರ್ಸಬಿಟ್‌ನ ವಿಮಾದಾರರಿಗೆ ಮೊದಲ ಬಾರಿಗೆ ಪರಿಹಾರ ದೊರೆಯಿತು. 2012ರಲ್ಲಿ ಯೋಜನೆಯು ದಕ್ಷಿಣ ಇಥಿಯೋಪಿಯಾದ ಬೊರಾನಾ ಪ್ರದೇಶಕ್ಕೆ ವಿಸ್ತರಿಸಿತು. ವಾಜಿರ್‌ನಲ್ಲಿ ಇಸ್ಲಾಮಿಕ್ ನಿಯಮಗಳಿಗೆ ಹೊಂದುವ ತಕಾಫುಲ್ ರೂಪದ ವಿಮೆಯೂ ಬಂದಿತು. 2015ರಲ್ಲಿ ಕೀನ್ಯಾ ಸರ್ಕಾರವು ತುರ್ಕಾನಾ ಮತ್ತು ವಾಜಿರ್‌ಗಳಲ್ಲಿ ತನ್ನದೇ ಜಾನುವಾರು ವಿಮಾ ಕಾರ್ಯಕ್ರಮವನ್ನು ಆರಂಭಿಸಿ, ಆಯ್ದ ಕುಟುಂಬಗಳ ವಿಮಾ ಕಂತನ್ನು ತಾನೇ ಭರಿಸಿತು.

ಮಿತಿಗಳು

ಸೂಚ್ಯಂಕವು ಇಡೀ ಪ್ರದೇಶದ ಸರಾಸರಿಯನ್ನು ತೋರಿಸುತ್ತದೆಯೇ ಹೊರತು ಒಂದು ಕುಟುಂಬದ ನಷ್ಟವನ್ನಲ್ಲ. ರೋಗದಿಂದ ಅಥವಾ ಕಳವಿನಿಂದ ಜಾನುವಾರು ನಷ್ಟವಾದವರಿಗೆ ಇದರಿಂದ ಪರಿಹಾರವಿಲ್ಲ. ನಷ್ಟಕ್ಕೂ ಪರಿಹಾರಕ್ಕೂ ತಾಳೆಯಾಗದಿದ್ದರೆ ಜನರ ವಿಶ್ವಾಸ ಕುಗ್ಗುತ್ತದೆ. ಮೋಡಗಳು ಅಳತೆಗೆ ಅಡ್ಡಿಯಾಗುತ್ತವೆ. ಹಸಿರೆಲ್ಲವೂ ಮೇವಲ್ಲ ಎಂಬುದು ಇನ್ನೊಂದು ತೊಡಕು. ಕೀನ್ಯಾದಲ್ಲಿ ‘ಮಥೆಂಗೆ’ ಎನ್ನಲಾಗುವ, ಕರ್ನಾಟಕದಲ್ಲಿ ಬಳ್ಳಾರಿ ಜಾಲಿ ಎಂದು ಪರಿಚಿತವಾದ ಮುಳ್ಳುಗಿಡವು ಹುಲ್ಲು ಒಣಗಿದ ಕಾಲದಲ್ಲೂ ಹಸಿರಾಗಿರುತ್ತದೆ. ಉಪಗ್ರಹವು ಅದನ್ನೂ ಹಸಿರೆಂದೇ ಎಣಿಸುವುದರಿಂದ ಬರಗಾಲದ ನಿಜವಾದ ತೀವ್ರತೆ ಮರೆಯಾಗಬಹುದು. ಆದ್ದರಿಂದ ಉಪಗ್ರಹ ಮಾಹಿತಿಯನ್ನು ಪಶುಪಾಲಕರ ಸ್ಥಳೀಯ ಜ್ಞಾನದೊಂದಿಗೆ ಹೋಲಿಸಿ ನೋಡುವುದು ಅಗತ್ಯವಾಗುತ್ತದೆ.